ಆಂಜೆಲೊ ಮೊಸ್ಸೊ (1846–1910): ಭಯ ಮತ್ತು ಮಿದುಳಿನ ರಕ್ತಸಂಚಾರವನ್ನು ಅಧ್ಯಯನ ಮಾಡಿದ ವಿಜ್ಞಾನಿಯ ಜೀವನ ಪರಿಚಯ

ಪೀಠಿಕೆ

ಮನುಷ್ಯನಿಗೆ ಭಯವಾದಾಗ ಎದೆ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಮುಖ ಬಿಳಿಚಿಕೊಳ್ಳುವುದು, ಬಾಯಿ ಒಣಗುವುದು ಸರ್ವರ ಅನುಭವಕ್ಕೂ ಬಂದಿರುವ ಸಂಗತಿಗಳಾಗಿವೆ. ಅದೇ ಗಳಿಗೆಯಲ್ಲಿ ತಲೆಬುರುಡೆಯ ಒಳಗೆ ಏನು ನಡೆಯುತ್ತದೆ ಎಂಬುದು ಬಹುಕಾಲ ಊಹೆಯ ವಿಷಯವಾಗಿಯೇ ಉಳಿದಿತ್ತು. ಆ ಊಹೆಯನ್ನು ಅಳತೆಗೆ ಒಳಪಡಿಸಲು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಯತ್ನಿಸಿದವರಲ್ಲಿ ಇಟಲಿ ದೇಶದ ಶರೀರಕ್ರಿಯಾ ವಿಜ್ಞಾನಿ ಆಂಜೆಲೊ ಮೊಸ್ಸೊ ಅವರು ಅಗ್ರಗಣ್ಯರು.

ಆತಂಕದ ಕಾಯಿಲೆಗಳ ಅಧ್ಯಯನಕ್ಕೆ ಇಂದು ಎಂ.ಆರ್.ಐ. ಮತ್ತು ಪೆಟ್ ಸ್ಕ್ಯಾನ್ ಯಂತ್ರಗಳನ್ನು ಬಳಸಲಾಗುತ್ತಿದೆ. ಈ ಅಧ್ಯಯನಗಳಲ್ಲಿ ಬಹುಪಾಲು ನಿಂತಿರುವುದು ಒಂದೇ ತತ್ತ್ವದ ಮೇಲೆ: ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೆಯೋ ಆ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ. ಈ ತತ್ತ್ವಕ್ಕೆ ಪ್ರಯೋಗದ ಆಧಾರ ಒದಗಿಸಿದವರಲ್ಲಿ ಮೊಸ್ಸೊ ಅವರೂ ಒಬ್ಬರು. ಆದುದರಿಂದ ಅವರ ಜೀವನ ಮತ್ತು ಸಾಧನೆಗಳ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ. ಆತಂಕದ ಕಾಯಿಲೆಯನ್ನು ಸ್ಕ್ಯಾನ್ ಮೂಲಕ ಪತ್ತೆ ಹಚ್ಚಬಹುದೇ ಎಂದು ಅನೇಕ ನಾಗರಿಕರು ಕೇಳುವ ಪ್ರಶ್ನೆಗೂ ಈ ಬರಹದ ಕೊನೆಯ ಭಾಗದಲ್ಲಿ ಉತ್ತರವಿದೆ.

ಜನನ ಮತ್ತು ಬಾಲ್ಯ

ಆಂಜೆಲೊ ಮೊಸ್ಸೊ ಅವರು 1846ನೇ ಇಸವಿಯ ಮೇ ತಿಂಗಳಿನಲ್ಲಿ ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದರು. ತಂದೆ ಬಡಗಿ. ಕುಟುಂಬದ ಆದಾಯ ಅಲ್ಪವಾಗಿತ್ತು. ಮೊಸ್ಸೊ ಅವರ ಬಾಲ್ಯವು ಟ್ಯೂರಿನ್‌ಗೆ ಸಮೀಪದ ಕಿಯೇರಿ ಎಂಬ ಸಣ್ಣ ಪಟ್ಟಣದಲ್ಲಿ ಕಳೆಯಿತು. ಮರವನ್ನು ಅಳೆದು, ಕೊಯ್ದು, ಜೋಡಿಸುವ ಕೆಲಸವನ್ನು ಚಿಕ್ಕಂದಿನಿಂದಲೇ ಹತ್ತಿರದಿಂದ ಕಂಡವರು ಅವರು. ಮುಂದೆ ಅವರು ರೂಪಿಸಿದ ಉಪಕರಣಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮರದ ತಕ್ಕಡಿಯೇ ಆಗಿತ್ತು ಎಂಬುದನ್ನು ಇಲ್ಲಿ ಗಮನಿಸಬಹುದು.

ಬಡತನದ ನಡುವೆಯೂ ಅವರು ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿದರು. ವ್ಯಾಸಂಗದ ಖರ್ಚನ್ನು ನಿಭಾಯಿಸಲು ಕಿಯೇರಿಯ ಶಾಲೆಯಲ್ಲಿ ಪ್ರಕೃತಿ ವಿಜ್ಞಾನವನ್ನು ಬೋಧಿಸಿದರು. 1870ರಲ್ಲಿ ಮೂಳೆಗಳ ಬೆಳವಣಿಗೆಯನ್ನು ಕುರಿತ ಪ್ರಬಂಧ ಸಲ್ಲಿಸಿ ವೈದ್ಯಪದವಿ ಪಡೆದರು. ತರುವಾಯ ಕೆಲಕಾಲ ಸೈನ್ಯದಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿದರು.

ಉನ್ನತ ವ್ಯಾಸಂಗ

ಪದವಿಯ ನಂತರ ಮೊಸ್ಸೊ ಅವರು ಫ್ಲಾರೆನ್ಸ್ ನಗರದಲ್ಲಿ ಮೊರಿಟ್ಜ್ ಶಿಫ್ ಅವರ ಪ್ರಯೋಗಾಲಯದಲ್ಲಿ ತರಬೇತಿ ಪಡೆದರು. ಅಲ್ಲಿಂದ ಜರ್ಮನಿಯ ಲೈಪ್ಜಿಗ್‌ಗೆ ತೆರಳಿ, ಅಂದಿನ ಯುರೋಪಿನ ಶ್ರೇಷ್ಠ ಶರೀರಕ್ರಿಯಾ ವಿಜ್ಞಾನಿಗಳಲ್ಲಿ ಒಬ್ಬರಾಗಿದ್ದ ಕಾರ್ಲ್ ಲುಡ್ವಿಗ್ ಅವರ ಬಳಿ ಕಲಿತರು. ದೇಹದೊಳಗಿನ ಚಲನೆಗಳನ್ನು ಕಾಗದದ ಮೇಲೆ ಗೆರೆಯಾಗಿ ದಾಖಲಿಸುವ ಪದ್ಧತಿಗೆ ಲುಡ್ವಿಗ್ ಅವರ ಪ್ರಯೋಗಾಲಯ ಹೆಸರಾಗಿತ್ತು. ಹೊಗೆಯ ಮಸಿ ಹಿಡಿಸಿದ ಕಾಗದವನ್ನು ತಿರುಗುವ ಉರುಳೆಗೆ ಸುತ್ತಿ, ಅದರ ಮೇಲೆ ಸೂಕ್ಷ್ಮವಾದ ಮೊನೆಯೊಂದು ಗೆರೆ ಎಳೆಯುವಂತೆ ಮಾಡಲಾಗುತ್ತಿತ್ತು. ನಾಡಿಯ ಬಡಿತ, ಉಸಿರಾಟ, ಸ್ನಾಯುವಿನ ಸೆಳೆತ ಮೊದಲಾದವು ಇದರಿಂದ ಶಾಶ್ವತ ದಾಖಲೆಗಳಾಗಿ ಉಳಿಯುತ್ತಿದ್ದವು.

ಟ್ಯೂರಿನ್‌ಗೆ ಹಿಂದಿರುಗಿದ ಮೊಸ್ಸೊ ಅವರು ಮೊದಲು ಔಷಧ ಶಾಸ್ತ್ರದ ಬೋಧಕರಾಗಿ, ಬಳಿಕ 1879ರಲ್ಲಿ ಯಾಕೊಬ್ ಮೊಲೆಶಾಟ್ ಅವರ ಉತ್ತರಾಧಿಕಾರಿಯಾಗಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಜೀವಿತದ ಕೊನೆಯವರೆಗೂ ಈ ವಿಶ್ವವಿದ್ಯಾಲಯವೇ ಅವರ ಕಾರ್ಯಕ್ಷೇತ್ರವಾಗಿತ್ತು.

ತೋಳಿನ ರಕ್ತವನ್ನು ಅಳೆಯುವ ಉಪಕರಣ

ಮೊಸ್ಸೊ ಅವರ ಆರಂಭದ ಸಾಧನೆಗಳಲ್ಲಿ ಪ್ಲೆಥಿಸ್ಮೋಗ್ರಾಫ್ ಎಂಬ ಉಪಕರಣವು ಮುಖ್ಯವಾದುದು. ನೀರು ತುಂಬಿದ ಗಾಜಿನ ಕೊಳವೆಯೊಳಗೆ ಮುಂದೋಳನ್ನು ಇರಿಸಿ, ನೀರು ಸೋರದಂತೆ ಬಿಗಿ ಮಾಡಲಾಗುತ್ತಿತ್ತು. ತೋಳಿಗೆ ಹೆಚ್ಚು ರಕ್ತ ಬಂದರೆ ಅದು ಅತ್ಯಲ್ಪವಾಗಿ ಉಬ್ಬಿ ನೀರನ್ನು ಹೊರದೂಡುತ್ತದೆ. ರಕ್ತ ಕಡಿಮೆಯಾದರೆ ನೀರು ಒಳಗೆ ಸರಿಯುತ್ತದೆ. ಈ ಏರಿಳಿತವೇ ಕಾಗದದ ಮೇಲೆ ಗೆರೆಯಾಗುತ್ತಿತ್ತು.

ರಕ್ತಸಂಚಾರದ ಅಳತೆಗಾಗಿ ರೂಪಿಸಿದ ಈ ಉಪಕರಣವು ಮನಸ್ಸಿನ ಸ್ಥಿತಿಯನ್ನೂ ತೋರಿಸತೊಡಗಿತು. ಲೈಪ್ಜಿಗ್‌ನಲ್ಲಿ ಸಹೋದ್ಯೋಗಿಯೊಬ್ಬರ ತೋಳುಗಳನ್ನು ಅಳೆಯುತ್ತಿದ್ದಾಗ ಗುರುಗಳಾದ ಲುಡ್ವಿಗ್ ಅವರು ಅನಿರೀಕ್ಷಿತವಾಗಿ ಕೊಠಡಿಯೊಳಗೆ ಬಂದರು. ತಕ್ಷಣವೇ ಗೆರೆಯು ಕೆಳಕ್ಕೆ ಇಳಿಯಿತು. ಆ ಸಹೋದ್ಯೋಗಿ ಮಾತನಾಡಿರಲಿಲ್ಲ, ಕದಲಿರಲಿಲ್ಲ. ಆದರೂ ಅವರ ತೋಳಿನ ರಕ್ತನಾಳಗಳು ಕುಗ್ಗಿದ್ದವು. ಭಯ, ಸಂಕೋಚ, ಗಮನ ಇವುಗಳಲ್ಲಿ ಯಾವುದೇ ಉಂಟಾದರೂ ರಕ್ತವು ಕೈಕಾಲುಗಳಿಂದ ಹಿಂದೆ ಸರಿಯುತ್ತದೆ ಎಂಬುದು ಇಂತಹ ಪ್ರಯೋಗಗಳಿಂದ ಸ್ಪಷ್ಟವಾಯಿತು. ಹಾಗಾದರೆ ಆ ರಕ್ತ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮೊಸ್ಸೊ ಅವರನ್ನು ಮಿದುಳಿನ ಕಡೆಗೆ ಕರೆದೊಯ್ದಿತು.

ಮಿದುಳಿನ ಮಿಡಿತದ ದಾಖಲೆ

ತಲೆಬುರುಡೆ ಗಟ್ಟಿಯಾದ ಪೆಟ್ಟಿಗೆ. ಅದರೊಳಗಿನ ರಕ್ತದ ಏರಿಳಿತವನ್ನು ಹೊರಗಿನಿಂದ ಅಳೆಯುವ ಸಾಧನ ಆ ಕಾಲದಲ್ಲಿ ಇರಲಿಲ್ಲ. ಆದರೆ ಅಪಘಾತದಿಂದಲೋ ಕಾಯಿಲೆಯಿಂದಲೋ ಬುರುಡೆಯ ಒಂದು ಭಾಗದ ಮೂಳೆಯನ್ನು ಕಳೆದುಕೊಂಡ ಕೆಲವು ರೋಗಿಗಳು ಆಸ್ಪತ್ರೆಗಳಲ್ಲಿದ್ದರು. ಹಸುಗೂಸಿನ ನೆತ್ತಿಯು ಮಿಡಿಯುವಂತೆ ಇವರ ಗಾಯದ ಸ್ಥಳವೂ ಚರ್ಮದ ಕೆಳಗೆ ಮಿಡಿಯುತ್ತಿತ್ತು. ಮೊಸ್ಸೊ ಅವರು ಆ ಸ್ಥಳದ ಮೇಲೆ ಗಾಳಿ ಸೋರದ ಮುಚ್ಚಳವನ್ನು ಅಳವಡಿಸಿ, ಕೊಳವೆಯ ಮೂಲಕ ಮಿಡಿತವನ್ನು ಕಾಗದದ ಮೇಲೆ ದಾಖಲಿಸಿದರು.

ಈ ಪ್ರಯೋಗಗಳಲ್ಲಿ ಹೆಚ್ಚು ಪ್ರಸಿದ್ಧರಾದವರು ಮಿಕೆಲೆ ಬೆರ್ಟಿನೊ ಎಂಬ ರೈತ. 1877ರಲ್ಲಿ ಎತ್ತರದಿಂದ ಬಿದ್ದ ಇಟ್ಟಿಗೆಯೊಂದು ಅವರ ತಲೆಯ ಮೂಳೆಯನ್ನು ಒಡೆದಿತ್ತು. ಚಿಕಿತ್ಸೆಯ ನಂತರ ಅವರು ಚೇತರಿಸಿಕೊಂಡರಾದರೂ ಬುರುಡೆಯಲ್ಲಿ ತೆರವು ಉಳಿಯಿತು. ಅವರ ಬುದ್ಧಿಶಕ್ತಿಗೆ ಕುಂದು ಬಂದಿರಲಿಲ್ಲ. ಮಾತು ಮತ್ತು ತಿಳಿವಳಿಕೆ ಸಹಜವಾಗಿದ್ದವು. ಒಂದು ದಿನ ಪ್ರಯೋಗ ನಡೆಯುತ್ತಿದ್ದಾಗ ಚರ್ಚಿನ ಮಧ್ಯಾಹ್ನದ ಗಂಟೆ ಕೇಳಿಸಿತು. ಬೆರ್ಟಿನೊ ಅಲುಗಾಡದೆ ಕುಳಿತಿದ್ದರೂ ಮಿದುಳಿನ ಮಿಡಿತ ಒಮ್ಮೆಗೇ ದೊಡ್ಡದಾಯಿತು. ಪ್ರಾರ್ಥನೆಯ ನೆನಪಾಯಿತೇ ಎಂದು ವಿಚಾರಿಸಿದಾಗ ಅವರು ಹೌದೆಂದರು. ಆ ಪ್ರಶ್ನೆಗೇ ಮಿಡಿತ ಪುನಃ ಏರಿತು. ಮತ್ತೊಮ್ಮೆ 8ನ್ನು 12ರಿಂದ ಗುಣಿಸುವಂತೆ ಹೇಳಿದಾಗಲೂ ಇದೇ ಏರಿಕೆ ಕಂಡುಬಂದಿತು.

ಹೃದಯ ವೇಗವಾಗಿ ಬಡಿದುದರಿಂದಲೇ ಮಿದುಳಿನ ಮಿಡಿತ ಹೆಚ್ಚಿತು ಎಂದು ಆಕ್ಷೇಪಿಸಲು ಅವಕಾಶವಿತ್ತು. ಇದನ್ನು ಪರಿಶೀಲಿಸಲು ಮೊಸ್ಸೊ ಅವರು ಮಿದುಳು ಮತ್ತು ಮುಂದೋಳು ಎರಡನ್ನೂ ಏಕಕಾಲದಲ್ಲಿ ದಾಖಲಿಸಿದರು. ಮಿದುಳಿನ ಗೆರೆ ಏರಿದಾಗ ತೋಳಿನ ಗೆರೆ ಅದೇ ರೀತಿ ಏರಲಿಲ್ಲ. ಆದುದರಿಂದ ಈ ಬದಲಾವಣೆ ಮಿದುಳಿಗೇ ಸಂಬಂಧಪಟ್ಟದ್ದು ಎಂಬ ತೀರ್ಮಾನಕ್ಕೆ ಅವರು ಬಂದರು. ಇಂದಿನ ಮಿದುಳು ಚಿತ್ರಣ ಸಂಶೋಧನೆಯ ಇತಿಹಾಸವನ್ನು ಬರೆಯುವವರು ಈ ಹೋಲಿಕೆಯ ಪ್ರಯೋಗಕ್ಕೆ ವಿಶೇಷ ಮಹತ್ವ ನೀಡುತ್ತಾರೆ.

ಬುರುಡೆಯಲ್ಲಿ ತೆರವಿದ್ದ ಮಹಿಳೆಯೊಬ್ಬರನ್ನು ನಿದ್ರೆಯ ಅವಧಿಯಲ್ಲಿ ಗಮನಿಸಿದಾಗ, ಅವರನ್ನು ಎಚ್ಚರಿಸದಷ್ಟು ಮೆಲ್ಲನೆಯ ಸದ್ದಿಗೂ ಮಿದುಳಿನ ರಕ್ತಪ್ರಮಾಣ ಬದಲಾಗುತ್ತಿದ್ದುದು ಕಂಡುಬಂದಿತು. ಮನುಷ್ಯ ಮಲಗಿದ್ದರೂ ಮಿದುಳು ಕಾವಲು ಕಾಯುತ್ತಿರುತ್ತದೆ ಎಂಬುದಕ್ಕೆ ಇದು ಸಾಕ್ಷ್ಯವಾಯಿತು. ರಾತ್ರಿ ಸಣ್ಣ ಸದ್ದಿಗೂ ಬೆಚ್ಚಿ ಏಳುವ ಆತಂಕಪೀಡಿತರ ತೊಂದರೆಯನ್ನು ಅರಿಯಲು ಈ ವಿಚಾರ ಇಂದಿಗೂ ಪ್ರಸ್ತುತವಾಗಿದೆ.

ಮನುಷ್ಯರನ್ನು ತೂಗುವ ತಕ್ಕಡಿ

ಬುರುಡೆಯಲ್ಲಿ ಗಾಯವಾದವರನ್ನು ಮಾತ್ರ ಪರೀಕ್ಷಿಸಲು ಸಾಧ್ಯ ಎಂಬುದು ಮೇಲ್ಕಂಡ ವಿಧಾನದ ದೊಡ್ಡ ಮಿತಿಯಾಗಿತ್ತು. ಆರೋಗ್ಯವಂತರ ಮಿದುಳನ್ನೂ ಅಧ್ಯಯನ ಮಾಡುವ ಉದ್ದೇಶದಿಂದ ಮೊಸ್ಸೊ ಅವರು ಒಂದು ದೊಡ್ಡ ತಕ್ಕಡಿಯನ್ನು ನಿರ್ಮಿಸಿದರು. ಇದರ ವಿವರಗಳು 1884ರಲ್ಲಿ ಪ್ರಕಟವಾದವು.

ಮರದ ಉದ್ದನೆಯ ಹಲಗೆಯೊಂದನ್ನು ನಡುವೆ ಆನಿಕೆಯ ಮೇಲೆ ಇರಿಸಿ, ಅದರ ಮೇಲೆ ವ್ಯಕ್ತಿಯನ್ನು ಅಂಗಾತ ಮಲಗಿಸಲಾಗುತ್ತಿತ್ತು. ತಲೆಯ ಭಾಗ ಮತ್ತು ಕಾಲಿನ ಭಾಗ ಸಮತೂಕಕ್ಕೆ ಬರುವವರೆಗೆ ತೂಕಗಳನ್ನು ಸರಿಹೊಂದಿಸಲಾಗುತ್ತಿತ್ತು. ಉಸಿರಾಟದಿಂದಲೇ ಹಲಗೆ ತೂಗಾಡುತ್ತಿದ್ದುದರಿಂದ, ಅದನ್ನು ತಗ್ಗಿಸಲು ಕೆಳಗೆ ಭಾರವಾದ ಲೋಹದ ತುಂಡನ್ನು ತೂಗುಬಿಡಲಾಗಿತ್ತು. ಮಲಗಿದ ವ್ಯಕ್ತಿಯ ದೇಹದಲ್ಲಿ ರಕ್ತ ಒಂದು ಸ್ಥಿತಿಗೆ ಬಂದು ನಿಲ್ಲುವವರೆಗೆ ಸಾಕಷ್ಟು ಹೊತ್ತು ಕಾಯಬೇಕಾಗಿತ್ತು. ಆ ಬಳಿಕ ಸದ್ದು ಮಾಡುವುದು, ಓದಲು ಕೊಡುವುದು, ಲೆಕ್ಕ ಕೇಳುವುದು ಮುಂತಾದ ಪ್ರಯೋಗಗಳನ್ನು ಮಾಡಲಾಗುತ್ತಿತ್ತು. ಮನಸ್ಸು ಕೆಲಸದಲ್ಲಿ ತೊಡಗಿದಾಗ ತಕ್ಕಡಿ ತಲೆಯ ಕಡೆಗೆ ವಾಲಿತು; ವ್ಯಕ್ತಿ ನಿದ್ರೆಗೆ ಜಾರಿದಾಗ ಕಾಲಿನ ಕಡೆಗೆ ವಾಲಿತು. ಪತ್ರಿಕೆ ಓದುವಾಗಿನ ವಾಲುವಿಕೆಗಿಂತ ಗಣಿತದಂತಹ ಕಠಿಣ ವಿಷಯವನ್ನು ಓದುವಾಗಿನ ವಾಲುವಿಕೆ ಹೆಚ್ಚಾಗಿತ್ತು ಎಂದು ಅವರ ಮಗಳು ಮುಂದೆ ದಾಖಲಿಸಿದ್ದಾರೆ.

ಈ ತಕ್ಕಡಿಗೆ ಮಿತಿಗಳಿದ್ದವು. ಉಸಿರಾಟದ ಏರುಪೇರು, ದೇಹದ ಸಣ್ಣ ಚಲನೆ ಇವುಗಳಿಂದಲೂ ಹಲಗೆ ವಾಲಬಹುದಾಗಿತ್ತು. ಮಿದುಳಿನ ಯಾವ ಭಾಗಕ್ಕೆ ರಕ್ತ ಹರಿಯಿತು ಎಂಬುದನ್ನು ಅದು ತಿಳಿಸುತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರು 1890ರ ತಮ್ಮ ಗ್ರಂಥದಲ್ಲಿ ಈ ಪ್ರಯೋಗವನ್ನು ಪ್ರಸ್ತಾಪಿಸಿದುದರಿಂದ ಅದರ ಸುದ್ದಿ ಉಳಿಯಿತಾದರೂ ಉಪಕರಣವು ಕಾಲಕ್ರಮೇಣ ಮರೆಯಾಯಿತು. 2014ರಲ್ಲಿ ಮೊಸ್ಸೊ ಅವರ ಮೂಲ ದಾಖಲೆಗಳ ಪರಿಶೀಲನೆ ಮತ್ತು ಅನುವಾದ ಪ್ರಕಟಗೊಂಡವು. ಅದೇ ವರ್ಷ ಬ್ರಿಟನ್‌ನ ಸಂಶೋಧಕರು ಆಧುನಿಕ ತೂಕಯಂತ್ರವನ್ನು ಅಳವಡಿಸಿ ಈ ಪ್ರಯೋಗವನ್ನು ಪುನಃ ನಡೆಸಿದರು; ಶಬ್ದಗಳನ್ನು ಕೇಳಿಸಿದಾಗ ತಲೆಯ ಕಡೆಯ ಭಾರದಲ್ಲಿ ಅತಿ ಸೂಕ್ಷ್ಮವಾದ ಏರಿಕೆ ಕಂಡುಬಂದುದಾಗಿ ವರದಿ ಮಾಡಿದರು.

ಭಯವನ್ನು ಕುರಿತ ಗ್ರಂಥ

1884ರಲ್ಲಿಯೇ ಮೊಸ್ಸೊ ಅವರ ಪ್ರಸಿದ್ಧ ಕೃತಿ ಪ್ರಕಟವಾಯಿತು. ಇಟಾಲಿಯನ್ ಭಾಷೆಯಲ್ಲಿ ಅದರ ಹೆಸರು ಲಾ ಪೌರಾ. ಭಯ ಎಂದು ಅರ್ಥ. ವಿಜ್ಞಾನಿಗಳಿಗಾಗಿ ಮಾತ್ರ ಬರೆಯದೆ, ಅಕ್ಷರ ಬಲ್ಲ ಸಾಮಾನ್ಯ ಜನರಿಗೂ ಅರ್ಥವಾಗುವಂತೆ ಬರೆದ ಈ ಕೃತಿಯು ಯುರೋಪಿನ ಹಲವು ಭಾಷೆಗಳಿಗೆ ಅನುವಾದಗೊಂಡಿತು. ಇಂಗ್ಲಿಷ್ ಅನುವಾದ 1896ರಲ್ಲಿ ಹೊರಬಂದಿತು.

ಈ ಗ್ರಂಥವು ಅವರ ಸ್ವಂತ ಭಯದ ವರ್ಣನೆಯಿಂದಲೇ ಆರಂಭವಾಗುತ್ತದೆ. ದೊಡ್ಡ ಸಭೆಯ ಮುಂದೆ ಮೊದಲ ಬಾರಿಗೆ ಉಪನ್ಯಾಸ ನೀಡಬೇಕಾದ ಸಂಜೆ ಅವರಿಗೆ ಉಂಟಾದ ನಡುಕ, ಧ್ವನಿಯ ಅಸ್ಥಿರತೆ, ಮನಸ್ಸಿನ ಗೊಂದಲ ಎಲ್ಲವನ್ನೂ ಅವರು ಮುಚ್ಚಿಡದೆ ವಿವರಿಸಿದ್ದಾರೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ತಮ್ಮ ಅಂಜಿಕೆಯನ್ನು ಹೀಗೆ ಬಹಿರಂಗವಾಗಿ ಬರೆದುದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು. ಸಭಾಕಂಪನವು ಹೇಡಿತನದ ಗುರುತಲ್ಲ, ನರಮಂಡಲ ಮತ್ತು ರಕ್ತನಾಳಗಳ ಕ್ರಿಯೆ ಎಂಬುದನ್ನು ಅವರು ತಮ್ಮ ಉದಾಹರಣೆಯಿಂದಲೇ ತೋರಿಸಿಕೊಟ್ಟರು.

ಅಂದಿನ ಹೆಸರಾಂತ ವಿದ್ವಾಂಸರಾದ ಚಾರ್ಲ್ಸ್ ಡಾರ್ವಿನ್ ಮತ್ತು ಹರ್ಬರ್ಟ್ ಸ್ಪೆನ್ಸರ್ ಅವರ ವಿವರಣೆಗಳೊಡನೆ ಮೊಸ್ಸೊ ಅವರಿಗೆ ಭಿನ್ನಾಭಿಪ್ರಾಯವಿತ್ತು. ಭಯದ ಎಲ್ಲ ಲಕ್ಷಣಗಳೂ ಜೀವಿಯ ರಕ್ಷಣೆಗೆ ಉಪಯುಕ್ತವಾದವು ಎಂಬುದನ್ನು ಅವರು ಒಪ್ಪಲಿಲ್ಲ. ಅಲ್ಪ ಭಯವು ಎಚ್ಚರಿಕೆ ನೀಡಬಹುದು. ಆದರೆ ಭಯ ಮಿತಿ ಮೀರಿದಾಗ ಕಾಲು ನಡುಗಿ ಓಡಲಾಗುವುದಿಲ್ಲ, ನಾಲಿಗೆ ಒಣಗಿ ಕೂಗಲಾಗುವುದಿಲ್ಲ. ಇಂತಹ ಭಯ ದೇಹಕ್ಕೆ ಹಾನಿಕರ ಎಂಬುದು ಅವರ ವಾದವಾಗಿತ್ತು. ಅತಿಯಾದ ಭಯವನ್ನು ಅವರು ಕಾಯಿಲೆಯ ಸಾಲಿನಲ್ಲಿ ಇರಿಸಿ, ಅದಕ್ಕೆ ಪರಿಹಾರವೂ ಉಂಟೆಂದು ಹೇಳಿದರು.

ಮಕ್ಕಳ ಪಾಲನೆಯ ಬಗ್ಗೆಯೂ ಈ ಗ್ರಂಥದಲ್ಲಿ ಸಲಹೆಗಳಿವೆ. ಮಕ್ಕಳನ್ನು ಗುಮ್ಮ, ದೆವ್ವ ಮುಂತಾದ ಕಥೆಗಳಿಂದ ಹೆದರಿಸಬಾರದು. ಎಳವೆಯಲ್ಲಿ ಬೇರೂರಿದ ಹೆದರಿಕೆ ದೊಡ್ಡವರಾದ ಮೇಲೂ ಕಾಡುತ್ತದೆ. ಉತ್ತಮ ಆರೋಗ್ಯ, ವ್ಯಾಯಾಮ ಮತ್ತು ಶಿಕ್ಷಣ ಧೈರ್ಯಕ್ಕೆ ಬುನಾದಿ ಎಂಬುದು ಅವರ ಅಭಿಪ್ರಾಯದ ಸಾರಾಂಶವಾಗಿದೆ.

ದಣಿವು, ದುಡಿಮೆ ಮತ್ತು ಪರ್ವತ

ಭಯದ ನಂತರ ಮೊಸ್ಸೊ ಅವರು ದಣಿವಿನ ಅಧ್ಯಯನಕ್ಕೆ ತೊಡಗಿದರು. ಬೆರಳಿಗೆ ದಾರ ಕಟ್ಟಿ ತೂಕವನ್ನು ಮತ್ತೆ ಮತ್ತೆ ಎತ್ತಿಸಿ, ಶಕ್ತಿ ಕುಂದುವುದನ್ನು ಗೆರೆಯಾಗಿ ದಾಖಲಿಸುವ ಎರ್ಗೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿದರು. ದೀರ್ಘಕಾಲ ಮೌಖಿಕ ಪರೀಕ್ಷೆ ನಡೆಸಿದ ಪ್ರಾಧ್ಯಾಪಕರ ಬೆರಳಿನ ಬಲವೂ ಕುಂದಿದ್ದುದು ಇದರಿಂದ ತಿಳಿಯಿತು. ಮನಸ್ಸಿನ ಶ್ರಮ ಸ್ನಾಯುವಿನ ಮೇಲೂ ಪರಿಣಾಮ ಬೀರುತ್ತದೆ ಎಂಬುದಕ್ಕೆ ಇದು ನಿದರ್ಶನವಾಯಿತು. ಈ ಕುರಿತ ಅವರ ಗ್ರಂಥವಾದ ಲಾ ಫಾತಿಕಾ 1891ರಲ್ಲಿ ಪ್ರಕಟವಾಯಿತು. ಸಿಸಿಲಿ ದ್ವೀಪದ ಗಂಧಕದ ಗಣಿಗಳಲ್ಲಿ ಭಾರ ಹೊರುತ್ತಿದ್ದ ಬಾಲಕರ ದೈಹಿಕ ದುಸ್ಥಿತಿಯನ್ನು ಅವರು ಅದರಲ್ಲಿ ವಿವರಿಸಿ, ಅತಿದುಡಿಮೆಯ ವಿರುದ್ಧ ದನಿಯೆತ್ತಿದರು.

1892ರಲ್ಲಿ ಲಂಡನ್‌ನ ರಾಯಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಿದುಳಿನ ಉಷ್ಣತೆಯನ್ನು ಕುರಿತು ಪ್ರತಿಷ್ಠಿತ ಕ್ರೂನಿಯನ್ ಉಪನ್ಯಾಸವನ್ನು ನೀಡಿದರು. 1894ರಲ್ಲಿ ಮಾಂಟೆ ರೋಸಾ ಪರ್ವತದ ಮೇಲೆ 4,554 ಮೀಟರ್ ಎತ್ತರದಲ್ಲಿರುವ ಮಾರ್ಗರಿಟಾ ವಸತಿಗೃಹದಲ್ಲಿ ತಂಗಿ, ಎತ್ತರದ ಪ್ರದೇಶದಲ್ಲಿ ಉಸಿರಾಟ ಮತ್ತು ರಕ್ತಸಂಚಾರ ಹೇಗಿರುತ್ತದೆ ಎಂಬುದನ್ನು ಸೈನಿಕರ ನೆರವಿನಿಂದ ಪರೀಕ್ಷಿಸಿದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುವುದೇ ಪರ್ವತರೋಗಕ್ಕೆ ಕಾರಣವೆಂದು ಅವರು ಭಾವಿಸಿದ್ದರು. ಆಮ್ಲಜನಕದ ಕೊರತೆಯೇ ಮುಖ್ಯ ಕಾರಣವೆಂಬುದು ಮುಂದಿನ ಸಂಶೋಧನೆಗಳಿಂದ ದೃಢಪಟ್ಟಿತು. ಅವರು ಶ್ರಮಿಸಿ ಸ್ಥಾಪಿಸಿದ ಪರ್ವತ ಪ್ರಯೋಗಾಲಯವು 1907ರಲ್ಲಿ ಕೋಲ್ ದೊಲೆನ್ ಎಂಬಲ್ಲಿ ಆರಂಭಗೊಂಡಿತು. ಅದು ಅವರ ಹೆಸರನ್ನೇ ಹೊತ್ತಿದೆ.

ಕೊನೆಯ ದಿನಗಳು

1904ರಲ್ಲಿ ಮೊಸ್ಸೊ ಅವರು ಇಟಲಿಯ ಸೆನೆಟ್‌ನ ಸದಸ್ಯರಾಗಿ ನಾಮನಿರ್ದೇಶಿತರಾದರು. ಅದೇ ಸುಮಾರಿಗೆ ಬೆನ್ನುಹುರಿಯ ಕಾಯಿಲೆ ಅವರನ್ನು ಬಾಧಿಸತೊಡಗಿ, ಪ್ರಯೋಗಾಲಯದ ಕೆಲಸ ಕಷ್ಟಸಾಧ್ಯವಾಯಿತು. ಆದರೂ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಪ್ರಾಚ್ಯ ಸಂಶೋಧನೆಯತ್ತ ತಿರುಗಿ, ಕ್ರೀಟ್ ದ್ವೀಪದ ಉತ್ಖನನಗಳಲ್ಲಿ ಪಾಲ್ಗೊಂಡು, 1907ರಲ್ಲಿ ಆ ಬಗ್ಗೆ ಗ್ರಂಥವನ್ನೂ ಹೊರತಂದರು. 1910ರ ನವೆಂಬರ್ 24ರಂದು ಟ್ಯೂರಿನ್‌ನಲ್ಲಿ ನಿಧನ ಹೊಂದಿದರು.

ಮೊಸ್ಸೊ ಅವರ ನಂತರದ ಬೆಳವಣಿಗೆಗಳು

ಮಿದುಳಿನ ಕೆಲಸಕ್ಕೂ ರಕ್ತಸಂಚಾರಕ್ಕೂ ಇರುವ ಸಂಬಂಧವನ್ನು 1890ರಲ್ಲಿ ಬ್ರಿಟನ್‌ನ ರಾಯ್ ಮತ್ತು ಶೆರಿಂಗ್ಟನ್ ಅವರು ಪ್ರಾಣಿಗಳ ಪ್ರಯೋಗಗಳಿಂದ ಸಮರ್ಥಿಸಿದರು. 1896ರಲ್ಲಿ ಲಿಯೊನಾರ್ಡ್ ಹಿಲ್ ಅವರು ಇದನ್ನು ಅಲ್ಲಗಳೆದುದರಿಂದ ಈ ವಿಚಾರ ಕೆಲವು ದಶಕಗಳ ಕಾಲ ಹಿನ್ನಡೆ ಕಂಡಿತು. 1928ರಲ್ಲಿ ಅಮೆರಿಕದ ಜಾನ್ ಫುಲ್ಟನ್ ಅವರು ತಲೆಯ ಹಿಂಭಾಗದ ರಕ್ತನಾಳದ ದೋಷವಿದ್ದ ರೋಗಿಯೊಬ್ಬರಲ್ಲಿ, ಓದುವಾಗ ರಕ್ತದ ಹರಿವಿನ ಸದ್ದು ಹೆಚ್ಚಾಗುವುದನ್ನು ದಾಖಲಿಸಿದರು. 1940ರ ದಶಕದಲ್ಲಿ ಕೆಟಿ ಮತ್ತು ಶ್ಮಿಟ್ ಅವರು ಮನುಷ್ಯರ ಮಿದುಳಿನ ಒಟ್ಟು ರಕ್ತಪ್ರಮಾಣವನ್ನು ಅಳೆಯುವ ವಿಧಾನ ರೂಪಿಸಿದರು. 1970ರ ದಶಕದಲ್ಲಿ ಪೆಟ್ ಸ್ಕ್ಯಾನ್ ಬಂದಿತು.

1990ರಲ್ಲಿ ಸೆಯ್ಜಿ ಒಗಾವಾ ಮತ್ತು ಸಂಗಡಿಗರು ರಕ್ತದಲ್ಲಿನ ಆಮ್ಲಜನಕದ ಪ್ರಮಾಣಕ್ಕೆ ಅನುಗುಣವಾಗಿ ಎಂ.ಆರ್.ಐ. ಸಂಕೇತ ಬದಲಾಗುವುದನ್ನು ತೋರಿಸಿದರು. 1992ರ ವೇಳೆಗೆ ಈ ವಿಧಾನದಿಂದ ಮನುಷ್ಯರ ಮಿದುಳಿನ ಚಟುವಟಿಕೆಯ ಚಿತ್ರಗಳು ಲಭ್ಯವಾದವು. ಎಫ್.ಎಂ.ಆರ್.ಐ. ಎಂದು ಕರೆಯಲಾಗುವ ಈ ವಿಧಾನಕ್ಕೆ ಬುರುಡೆಯಲ್ಲಿ ತೆರವಾಗಲಿ, ವಿಕಿರಣವಾಗಲಿ ಅಗತ್ಯವಿಲ್ಲ.

ಆತಂಕದ ಕಾಯಿಲೆಗಳ ಅಧ್ಯಯನದಲ್ಲಿ ಸಾಮಾನ್ಯವಾಗಿ ವ್ಯಕ್ತಿಗೆ ಭಯದ ಮುಖಭಾವದ ಚಿತ್ರಗಳನ್ನೋ ಅವರು ಅಂಜುವ ವಸ್ತುವಿನ ಚಿತ್ರಗಳನ್ನೋ ತೋರಿಸಿ, ಅದೇ ಸಮಯದಲ್ಲಿ ಮಿದುಳಿನ ಚಿತ್ರಣ ಮಾಡಲಾಗುತ್ತದೆ. ಅಪಾಯದ ಸೂಚನೆಗಳಿಗೆ ಸ್ಪಂದಿಸುವ ಅಮಿಗ್ಡಲ ಎಂಬ ಬಾದಾಮಿ ಆಕಾರದ ಭಾಗ ಹಾಗೂ ದೇಹದೊಳಗಿನ ಸಂವೇದನೆಗಳನ್ನು ಗ್ರಹಿಸುವ ಇನ್ಸುಲಾ ಎಂಬ ಭಾಗ ಇಲ್ಲಿ ಮುಖ್ಯವಾಗುತ್ತವೆ. 2007ರಲ್ಲಿ ಪ್ರಕಟವಾದ ಎಟ್ಕಿನ್ ಮತ್ತು ವೇಗರ್ ಅವರ ವಿಶ್ಲೇಷಣೆಯು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸಾಮಾಜಿಕ ಆತಂಕ, ನಿರ್ದಿಷ್ಟ ವಸ್ತುಗಳ ಭಯ ಹಾಗೂ ಆಘಾತದ ನಂತರದ ಒತ್ತಡದ ಕಾಯಿಲೆ ಇರುವವರಲ್ಲಿ ಈ ಎರಡೂ ಭಾಗಗಳು ಇತರರಿಗಿಂತ ಹೆಚ್ಚು ಚಟುವಟಿಕೆ ತೋರುತ್ತವೆ ಎಂದು ತಿಳಿಸಿತು. 2002ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಸಾಮಾಜಿಕ ಆತಂಕವುಳ್ಳವರನ್ನು ಪೆಟ್ ಸ್ಕ್ಯಾನ್ ಮೂಲಕ ಪರೀಕ್ಷಿಸಿದ್ದರು. ಸಭೆಯ ಮುಂದೆ ಮಾತನಾಡುವಾಗ ಅವರ ಅಮಿಗ್ಡಲದಲ್ಲಿ ಕಂಡ ರಕ್ತದ ಹರಿವು, ಚಿಕಿತ್ಸೆಯಿಂದ ಸುಧಾರಿಸಿದವರಲ್ಲಿ ಕಡಿಮೆಯಾಗಿತ್ತು. ಕೆಲವರು ಮಾತ್ರೆಯಿಂದ, ಕೆಲವರು ಆಪ್ತಸಮಾಲೋಚನೆಯ ಮಾದರಿಯ ಮಾತಿನ ಚಿಕಿತ್ಸೆಯಿಂದ ಸುಧಾರಿಸಿದ್ದರು. ಎರಡೂ ಗುಂಪಿನಲ್ಲಿ ಈ ಬದಲಾವಣೆ ಕಂಡುಬಂದುದು ಗಮನಾರ್ಹ. ಮೊಸ್ಸೊ ಅವರು ತಮ್ಮ ಗ್ರಂಥದ ಆರಂಭದಲ್ಲಿ ವರ್ಣಿಸಿದ ಸಭಾಕಂಪನವೇ ಹೀಗೆ ನೂರಕ್ಕೂ ಹೆಚ್ಚು ವರ್ಷಗಳ ನಂತರ ಯಂತ್ರದ ಮೂಲಕ ಅಧ್ಯಯನಕ್ಕೆ ಒಳಗಾಯಿತು.

ನಾಗರಿಕರು ಗಮನಿಸಬೇಕಾದ ಅಂಶಗಳು

ಮೇಲ್ಕಂಡ ಅಧ್ಯಯನಗಳು ಗುಂಪುಗಳ ಸರಾಸರಿಯನ್ನು ಹೋಲಿಸುತ್ತವೆ. ಒಬ್ಬ ವ್ಯಕ್ತಿಯ ಸ್ಕ್ಯಾನ್ ಅನ್ನು ನೋಡಿ ಆ ವ್ಯಕ್ತಿಗೆ ಆತಂಕದ ಕಾಯಿಲೆ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುವ ವಿಧಾನ ಚಿಕಿತ್ಸಾ ಬಳಕೆಗೆ ಇನ್ನೂ ಬಂದಿಲ್ಲ. ವೈದ್ಯರು ರೋಗಿಯೊಡನೆ ಮಾತನಾಡಿ, ಲಕ್ಷಣಗಳು, ಅವುಗಳ ಅವಧಿ, ದೈನಂದಿನ ಕೆಲಸಕ್ಕೆ ಆಗುತ್ತಿರುವ ತೊಂದರೆ ಇವುಗಳನ್ನು ಪರಿಶೀಲಿಸಿಯೇ ರೋಗನಿರ್ಣಯ ಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವೂ ಮಾನಸಿಕ ಕಾಯಿಲೆಯ ನಿರ್ಣಯವನ್ನು ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯವಾಗಿ ಅಂಗೀಕೃತವಾದ ವೈದ್ಯಕೀಯ ಮಾನದಂಡಗಳ ಅನುಸಾರ ಮಾಡತಕ್ಕದ್ದೆಂದು ತಿಳಿಸುತ್ತದೆ.

ಆದುದರಿಂದ ಸ್ಕ್ಯಾನ್ ವರದಿ ಸಹಜವಾಗಿದೆ ಎಂದಮಾತ್ರಕ್ಕೆ ಆತಂಕದ ತೊಂದರೆ ಸುಳ್ಳೆಂದು ಭಾವಿಸತಕ್ಕದ್ದಲ್ಲ. ಸ್ಕ್ಯಾನ್ ಮಾಡಿಸಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆಯನ್ನು ಮುಂದೂಡುವ ಅಗತ್ಯವೂ ಇಲ್ಲ. ಗಡ್ಡೆ, ರಕ್ತಸ್ರಾವ, ಮೂರ್ಛೆ ಮುಂತಾದ ಬೇರೆ ಕಾರಣಗಳ ಸಂಶಯವಿದ್ದಲ್ಲಿ ಮಾತ್ರ ವೈದ್ಯರು ಸ್ಕ್ಯಾನ್ ಸೂಚಿಸುತ್ತಾರೆ. ಅಂತಹ ಸಂದರ್ಭದಲ್ಲಿ ಅವರ ಸಲಹೆಯನ್ನು ಪಾಲಿಸುವುದು ಸೂಕ್ತ. ಸಂಶೋಧನೆಗಾಗಿ ಸ್ಕ್ಯಾನ್ ಮಾಡಿಸಿಕೊಳ್ಳಲು ಆಹ್ವಾನ ಬಂದಲ್ಲಿ ಅದರ ಉದ್ದೇಶವನ್ನು ಕೇಳಿ ತಿಳಿಯುವ, ಸಮ್ಮತಿ ನೀಡುವ ಅಥವಾ ನಿರಾಕರಿಸುವ ಹಾಗೂ ಮಧ್ಯದಲ್ಲಿ ಹಿಂದೆ ಸರಿಯುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇದೆ. ಮೊಸ್ಸೊ ಅವರ ಕಾಲದಲ್ಲಿ ಇಂತಹ ನಿಯಮಗಳು ಇರಲಿಲ್ಲ.

ಆತಂಕ, ನಿದ್ರಾಹೀನತೆ, ಕಾರಣವಿಲ್ಲದ ಭಯ ಇತ್ಯಾದಿ ತೊಂದರೆಗಳಿರುವವರು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಭೇಟಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಉಚಿತ ದೂರವಾಣಿ ಸಂಖ್ಯೆ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಸೇವೆಯ ಮುಖ್ಯ ಕೇಂದ್ರವಾಗಿರುತ್ತದೆ. ಭಯಕ್ಕೆ ದೇಹದಲ್ಲಿಯೇ ಕಾರಣಗಳಿವೆ ಮತ್ತು ಅದಕ್ಕೆ ಪರಿಹಾರವಿದೆ ಎಂದು ಮೊಸ್ಸೊ ಅವರು 1884ರಲ್ಲಿ ಪ್ರತಿಪಾದಿಸಿದರು. ಆ ಪರಿಹಾರವನ್ನು ಕೇಳಿ ಪಡೆಯಲು ನಾಗರಿಕರು ಸಂಕೋಚಪಡಬೇಕಾದುದಿಲ್ಲ.